ಗುಬ್ಬಿಗಳೊಡನೆ ರಾಜಿ

ಉರ್ದು ಶಾಲೆಯಲ್ಲಿ ಓದಿದವರಿಗೆ ಮೌಲಾನಾ ಅಬುಲ್ ಕಲಾಂ ಆಜಾದರ ಗುಬ್ಬಿಗಳ ಕಥೆ ಹೊಸದೇನಲ್ಲ. ‘ಚಿಡಿಯಾ ಚಿಡೇ ಕೀ ಕಹಾನಿ’ ಎಂಬ ಹೆಸರಿನಲ್ಲಿ ಅದು ನಮಗೆ ಪಾಠವಾಗಿತ್ತು. ಜೈಲಿನ ಕೋಣೆಯೊಳಗೆ ಒಬ್ಬ ದೊಡ್ಡ ಮನುಷ್ಯ ಬಿದಿರಿನ ಗಳ ಹಿಡಿದು ಗುಬ್ಬಿಗಳ ಮೇಲೆ ದಂಡೆತ್ತಿ ಹೋಗುವುದು, ಸೋತು ಸುಣ್ಣವಾಗುವುದು, ಆಮೇಲೆ ಅವುಗಳಿಗೆ ಅಕ್ಕಿಕಾಳು ಹಾಕಿ ಸ್ನೇಹ ಬೆಳೆಸುವುದು, ಇಷ್ಟೇ ಕಥೆ. ನಮ್ಮ ಉಸ್ತಾದರು ಅದನ್ನು ದನಿ ಏರಿಸಿ ಇಳಿಸಿ, ಯುದ್ಧದ ಕಥೆ ಓದುವಂತೆಯೇ ಓದುತ್ತಿದ್ದರು. ನಾವು ಬೆಂಚಿಗೆ ಬೆಂಚು ಬಡಿದು ನಗುತ್ತಿದ್ದೆವು. ಪರೀಕ್ಷೆಯಲ್ಲಿ ‘ಮುಲ್ಲಾ’ ಎಂಬ ಗುಬ್ಬಿಯ ಸ್ವಭಾವವನ್ನು ವರ್ಣಿಸಿ ಎಂಬ ಪ್ರಶ್ನೆ ಬರುತ್ತಿತ್ತು. ಒಳ್ಳೆಯ ಅಂಕವೂ ಸಿಗುತ್ತಿತ್ತು.

ಆ ಪತ್ರ ಬರೆದು ಮೂರು ವಾರ ಕಳೆಯುತ್ತಿದ್ದಂತೆ ಬರೆದವರ ಹೆಂಡತಿ ಕಲ್ಕತ್ತೆಯಲ್ಲಿ ತೀರಿಕೊಂಡರು ಎಂಬುದನ್ನು ಮಾತ್ರ ನಮಗೆ ಯಾರೂ ಹೇಳಿರಲಿಲ್ಲ. ಪುಸ್ತಕವನ್ನು ಇಡಿಯಾಗಿ ಓದಿದಾಗ ನನಗೆ ಮೂವತ್ತು ದಾಟಿತ್ತು. ಪುಟ ತಿರುಗಿಸುತ್ತಾ ಹೋದಂತೆ, ನಗಿಸಿದ ಆ ಪಾಠದ ಪಕ್ಕದಲ್ಲೇ ಈ ಸಾವು ಇದೆ ಎಂದು ಕಂಡು ಪುಸ್ತಕ ಮಡಚಿಟ್ಟೆ. ಅಲ್ಲಿಂದ ಮುಂದೆ ಆ ಗುಬ್ಬಿಗಳನ್ನು ಮೊದಲಿನಂತೆ ಓದಲು ಆಗಲಿಲ್ಲ. ಈ ಲೇಖನ ಆ ಎರಡು ಪತ್ರಗಳನ್ನು ಒಟ್ಟಿಗೆ ಇಟ್ಟು ನೋಡುವ ಪ್ರಯತ್ನ.

‘ಗುಬಾರೆ ಖಾತಿರ್’, ಅಂದರೆ ಮನಸ್ಸಿನ ಧೂಳು, ಒಂದು ಪತ್ರಗಳ ಪುಸ್ತಕ. 1942ರ ಆಗಸ್ಟ್ 8ರಂದು ಮುಂಬಯಿಯಲ್ಲಿ ‘ಭಾರತ ಬಿಟ್ಟು ತೊಲಗಿ’ ಠರಾವು ಅಂಗೀಕಾರವಾಯಿತು. ಮರುದಿನ ಬೆಳಕು ಹರಿಯುವ ಮುನ್ನ ಕಾಂಗ್ರೆಸ್ ಅಧ್ಯಕ್ಷರಾಗಿದ್ದ ಆಜಾದರೂ ಕಾರ್ಯಕಾರಿ ಸಮಿತಿಯ ಅವರ ಸಂಗಾತಿಗಳೂ ಬಂಧಿತರಾದರು. ಅವರನ್ನು ಅಹಮದ್‌ನಗರದ ಕೋಟೆಗೆ ತಂದಿಡಲಾಯಿತು. ವಿಜಾಪುರದ ಅಲಿ ಆದಿಲ್ ಶಾಹನ ಪತ್ನಿಯಾಗಿದ್ದ ಚಾಂದ್ ಬೀಬಿ 1595-96ರಲ್ಲಿ ಮೊಗಲರ ಸೈನ್ಯದ ಎದುರು ಕಾದುಕೊಂಡ ಕೋಟೆ ಅದು. ನೆಹರೂ ‘ಡಿಸ್ಕವರಿ ಆಫ್ ಇಂಡಿಯಾ’ ಬರೆದದ್ದು ಅದೇ ಕೋಟೆಯಲ್ಲಿ. ಆಜಾದರು ಪತ್ರಗಳನ್ನು ಬರೆದರು. ಅವು ನವಾಬ್ ಸದರ್ ಯಾರ್ ಜಂಗ್ ಹಬೀಬುರ್ ರಹಮಾನ್ ಖಾನ್ ಶೇರ್ವಾನಿ ಎಂಬ ಗೆಳೆಯರಿಗೆ ಬರೆದವು. ಅಲಿಗಢದ ಕಡೆಯ ಈ ವಿದ್ವಾಂಸರು, ನಮ್ಮ ಬೀದರ, ಕಲಬುರಗಿ, ರಾಯಚೂರುಗಳೂ ಸೇರಿದ್ದ ಹೈದರಾಬಾದ್ ಸಂಸ್ಥಾನದಲ್ಲಿ ಧಾರ್ಮಿಕ ವ್ಯವಹಾರಗಳ ಮುಖ್ಯಾಧಿಕಾರಿಯಾಗಿದ್ದವರು. ಜೈಲಿನಿಂದ ಈ ಪತ್ರಗಳನ್ನು ಅಂಚೆಗೆ ಹಾಕುವಂತಿರಲಿಲ್ಲ. ತಲುಪುವುದಿಲ್ಲವೆಂದು ಗೊತ್ತಿದ್ದೂ ಬರೆದ ಪತ್ರಗಳಿವು. ಬಿಡುಗಡೆಯ ನಂತರ 1946ರಲ್ಲಿ ಪುಸ್ತಕವಾಗಿ ಬಂದವು.

ಈ ಪುಸ್ತಕದ ಬಗ್ಗೆ ಎರಡು ಬಗೆಯ ಮಾತುಗಳು ಕೇಳಿಬರುತ್ತವೆ. ಉರ್ದು ಸಾಹಿತ್ಯದ ಮೇಷ್ಟರುಗಳು ಇದರ ಶೈಲಿಯನ್ನು ಹೊಗಳುತ್ತಾರೆ. ಮಾತುಮಾತಿಗೂ ಫಾರಸಿ ಬೈತುಗಳು, ಅರಬ್ಬಿಯ ಗತ್ತು, ನಡುನಡುವೆ ತೆಳುವಾದ ಹಾಸ್ಯ. ಇನ್ನೊಂದು ಕಡೆಯವರು ಕೇಳುವ ಪ್ರಶ್ನೆ ಬೇರೆ. ದೇಶದ ತುಂಬ ಜನ ಗುಂಡೇಟು ತಿನ್ನುತ್ತಿದ್ದರು, 1943ರಲ್ಲಿ ಬಂಗಾಳದ ಕ್ಷಾಮ ಲಕ್ಷಾಂತರ ಬಡವರನ್ನು ನುಂಗುತ್ತಿತ್ತು. ಅಂಥ ಹೊತ್ತಿನಲ್ಲಿ ಕಾಂಗ್ರೆಸ್ಸಿನ ಅಧ್ಯಕ್ಷನಾದವನು ಚೀನಾದ ಮಲ್ಲಿಗೆ ಚಹಾದ ಪರಿಮಳ, ಹಾಲು ಬೆರೆಸಿ ಚಹಾ ಕೆಡಿಸುವವರ ಅರಸಿಕತೆ, ಬುಲ್‌ಬುಲ್ ಹಕ್ಕಿಯ ಹಾಡು ಇವುಗಳ ಬಗ್ಗೆ ಬರೆಯುತ್ತಾ ಕೂರುವುದೇ? ಇದು ಪಲಾಯನವಲ್ಲವೆ?

ಪ್ರಶ್ನೆ ನ್ಯಾಯವಾದದ್ದೇ. ಅದನ್ನು ಭಕ್ತಿಯಿಂದ ಬದಿಗೆ ಸರಿಸಬಾರದು. ಆದರೆ ಹೊಗಳುವವರೂ ತೆಗಳುವವರೂ ಒಂದು ವಿಷಯದಲ್ಲಿ ಒಂದೇ ಎಂದು ನನಗನ್ನಿಸುತ್ತದೆ. ಈ ಪುಸ್ತಕದಲ್ಲಿರುವುದು ಒಬ್ಬ ಶಾಂತಚಿತ್ತ ಮನುಷ್ಯ ಎಂದು ಇಬ್ಬರೂ ನಂಬಿದ್ದಾರೆ. ನನ್ನ ಓದು ಹೇಳುವುದು ಬೇರೆ. ತನ್ನ ಶಾಂತಿ ನಿಜವೋ ವೇಷವೋ ಎಂಬ ಅನುಮಾನ ಹುಟ್ಟಿ, ಅದನ್ನು ಒರೆಗೆ ಹಚ್ಚಿ ನೋಡಿಕೊಂಡ ಮನುಷ್ಯ ಇಲ್ಲಿದ್ದಾನೆ.

*

ಮೊದಲು ಗುಬ್ಬಿಗಳ ಮಾತು. 1943ರ ಮಾರ್ಚ್ ಮಧ್ಯದಲ್ಲಿ ಬರೆದ ಪತ್ರಗಳವು. ಕೋಣೆಯ ಹಳೆಯ ಛಾವಣಿಯ ತೊಲೆಗಳ ಸಂದಿನಲ್ಲಿ ಗುಬ್ಬಿಗಳು ಗೂಡು ಕಟ್ಟಿವೆ. ದಿನವಿಡೀ ಗಲಾಟೆ, ಮೇಲಿನಿಂದ ಹುಲ್ಲು ಕಸ. ಬೇಸತ್ತ ಲೇಖಕರು ಯುದ್ಧ ಸಾರುತ್ತಾರೆ. ಮೊದಲು ಛತ್ರಿ, ಆಮೇಲೆ ಉದ್ದದ ಬಿದಿರು. ಗುಬ್ಬಿಗಳು ಹೊರಗೆ ಹಾರುತ್ತವೆ. ವಿಜಯಿಯಾದ ಸೇನಾಪತಿ ಬಂದು ಬರೆಯಲು ಕೂರುತ್ತಾನೆ. ಸ್ವಲ್ಪ ಹೊತ್ತಿಗೆ ತಲೆಯ ಮೇಲೆ ಮತ್ತದೇ ಚಿಲಿಪಿಲಿ. ಹೀಗೆ ಎಷ್ಟೋ ದಿನ ನಡೆದ ಮೇಲೆ ಸೇನಾಪತಿ ಸೋಲೊಪ್ಪಿಕೊಳ್ಳುತ್ತಾನೆ. ಈ ಕೋಣೆಯಲ್ಲಿ ಅವೂ ಇರುತ್ತವೆ, ತಾನೂ ಇರಬೇಕು.

ಮುಂದಿನ ಭಾಗವನ್ನು ನಿಧಾನವಾಗಿ ಓದಬೇಕು. ಸೋತ ಮೇಲೆ ಅವರು ಸುಮ್ಮನೆ ಸಹಿಸಿಕೊಂಡು ಕೂರಲಿಲ್ಲ. ಅಕ್ಕಿಕಾಳು ತರಿಸಿ ಜಮಖಾನದ ಮೇಲೆ ಚೆಲ್ಲಿದರು. ಗುಬ್ಬಿಗಳು ದೂರದಿಂದ ಅನುಮಾನಿಸಿ ನೋಡಿದವು. ಅವರು ತಮಗೇನೂ ಸಂಬಂಧವಿಲ್ಲವೆಂಬಂತೆ ಕಲ್ಲಿನ ಬೊಂಬೆಯ ಹಾಗೆ ಕೂತರು. ಒಂದೊಂದೇ ಕಾಳು ಖಾಲಿಯಾಯಿತು. ಆಮೇಲೆ ಕಾಳಿನ ಜಾಗವನ್ನು ಸ್ವಲ್ಪ ಸ್ವಲ್ಪವೇ ತಮ್ಮ ಹತ್ತಿರಕ್ಕೆ ಸರಿಸುತ್ತಾ ಬಂದರು. ಕೊನೆಗೆ ಅಂಗೈಯ ಮೇಲಿನ ಕಾಳನ್ನೂ ಗುಬ್ಬಿಗಳು ತಿಂದವು. ಆ ಹೊತ್ತಿಗೆ ಅವಕ್ಕೆ ಹೆಸರುಗಳೂ ಬಂದಿದ್ದವು. ಎದೆಯುಬ್ಬಿಸಿ ವಾದಕ್ಕೆ ನಿಲ್ಲುವ ಒಂದಕ್ಕೆ ಮುಲ್ಲಾ, ತಲೆ ತಗ್ಗಿಸಿ ಮೌನದಲ್ಲಿರುವ ಒಂದಕ್ಕೆ ಸೂಫಿ, ಹೆದರಿಕೆಯೇ ಇಲ್ಲದ ಒಂದಕ್ಕೆ ಕಲಂದರ್. ಗಳ ಹಿಡಿದಾಗ ಅವು ಬರಿಯ ‘ಗುಬ್ಬಿಗಳು’ ಆಗಿದ್ದವು. ಕಾಳು ಹಾಕತೊಡಗಿದ ಮೇಲೆ ಒಂದೊಂದಕ್ಕೂ ಒಂದೊಂದು ಸ್ವಭಾವ ಕಂಡಿತು.

ಕಥೆ ಬರೆಯುವವನಾಗಿ ನನಗೆ ಇಲ್ಲಿ ಮುಖ್ಯವಾಗಿ ಕಾಣುವುದು ಆ ದೂರದ ಲೆಕ್ಕ. ಕಾಳಿಗೂ ಕೈಗೂ ನಡುವಿನ ದೂರ ಒಂದೇ ದಿನದಲ್ಲಿ ಕಡಿಮೆಯಾಗಲಿಲ್ಲ. ಅವಸರಪಟ್ಟು ಕೈ ಚಾಚಿದ್ದರೆ ಎಲ್ಲವೂ ಹಾರಿಹೋಗುತ್ತಿದ್ದವು. ಹೆದರಿದ ಜೀವ ತನ್ನ ವೇಗದಲ್ಲಿ ಹತ್ತಿರ ಬರಬೇಕು. ಬಲವಿದ್ದವನು ಅಷ್ಟು ದಿನ ಅಲುಗಾಡದೆ ಕೂರಬೇಕು. ನಾವು ಸಬರ್ ಎಂದು ಕರೆಯುವ ಗುಣಕ್ಕೆ ಇದಕ್ಕಿಂತ ನಿಖರವಾದ ಚಿತ್ರವನ್ನು ನಾನು ಓದಿಲ್ಲ. ಇಲ್ಲಿ ಸಬರ್ ಎಂದರೆ ಬಲವಿದ್ದವನು ಮಾಡಬೇಕಾದ ಕೆಲಸ. ನಮ್ಮ ಮನೆಗಳಲ್ಲಿ ಅದು ಬಲವಿಲ್ಲದವರಿಗೆ ಹೇಳುವ ಬುದ್ಧಿಮಾತಾಗಿದೆ. ಗಂಡನ ಹೊಡೆತ ತಿಂದು ತವರಿಗೆ ಬಂದ ಮಗಳಿಗೆ ಸಬರ್ ಮಾಡು ಎನ್ನುತ್ತೇವೆ. ಕೂಲಿ ಸಿಗದ ಆಳಿಗೂ ಅದನ್ನೇ ಹೇಳುತ್ತೇವೆ. ಕೈಯಲ್ಲಿ ಗಳ ಹಿಡಿದವನಿಗೆ ಸಬರ್ ಮಾಡು ಎಂದು ಹೇಳಿದ್ದನ್ನು ನಾನು ಕೇಳಿದ್ದು ಕಡಿಮೆ.

*

ಇನ್ನು ಏಪ್ರಿಲ್. ಜುಲೇಖಾ ಬೇಗಂ ತೀರಾ ಕಾಯಿಲೆಯಾಗಿದ್ದಾರೆ ಎಂಬ ಸುದ್ದಿ ಮಾರ್ಚ್ ಕೊನೆಯ ಹೊತ್ತಿಗೆ ಕೋಟೆಗೆ ತಲುಪಿತು. ಸರ್ಕಾರಕ್ಕೆ ಏನಾದರೂ ಹೇಳುವುದಿದ್ದರೆ ಕೂಡಲೇ ತಲುಪಿಸುವೆನೆಂದು ಜೈಲಿನ ಅಧಿಕಾರಿ ಸೂಚಿಸಿದರು. ಆಜಾದರು ತಮ್ಮದೇನೂ ಬೇಡಿಕೆಯಿಲ್ಲ ಎಂದರು. ನೆಹರೂ ಬಂದು ಮಾತಾಡಿದಾಗಲೂ ಅದೇ ಉತ್ತರ. ಏಪ್ರಿಲ್ 9ರಂದು ಆಕೆ ಕಲ್ಕತ್ತೆಯಲ್ಲಿ ತೀರಿಕೊಂಡರು. 11ರಂದು ಅವರು ಗೆಳೆಯರಿಗೆ ಪತ್ರ ಬರೆಯಲು ಕೂತರು.

ಆ ಪತ್ರದಲ್ಲಿ ತಮ್ಮ ದಿನಚರಿಯನ್ನು ಹೇಳುತ್ತಾರೆ. ಸುದ್ದಿ ಬಂದ ಮೇಲೂ ನಿತ್ಯದ ಕ್ರಮದಲ್ಲಿ ಒಂದಿಷ್ಟೂ ವ್ಯತ್ಯಾಸವಾಗದಂತೆ ನೋಡಿಕೊಂಡರಂತೆ. ಊಟದ ಹೊತ್ತಿಗೆ ಊಟ, ಗೆಳೆಯರ ನಡುವೆ ಎಂದಿನ ಮಾತು. ಇಲ್ಲಿಗೆ ನಿಲ್ಲಿಸಿದ್ದರೆ ಇದೊಂದು ಮಹಾತ್ಮನ ಚರಿತ್ರೆಯಾಗುತ್ತಿತ್ತು, ನಮ್ಮ ಜುಮಾ ಭಾಷಣಗಳಲ್ಲಿ ಉದಾಹರಣೆಗೆ ಬರುತ್ತಿತ್ತು. ಅವರು ಅಲ್ಲಿಗೆ ನಿಲ್ಲಿಸಲಿಲ್ಲ. ಆ ದಿನಗಳ ಹೊರಗಿನ ಸಮಾಧಾನವೆಲ್ಲ ಒಂದು ತೋರಿಕೆಯಾಗಿತ್ತು, ತಮ್ಮ ಗಂಭೀರ ನಿಲುವಿಗೆ ಯಾರೂ ಕುಂದು ಹೇಳಬಾರದೆಂಬ ಅಹಂಕಾರ ಒಳಗೆ ಆ ಆಟ ಆಡಿಸುತ್ತಿತ್ತು ಎಂಬ ಅರ್ಥದಲ್ಲಿ ತಾವೇ ಬರೆದಿಟ್ಟರು. ಹೆಂಡತಿ ಸತ್ತ ಎರಡು ದಿನಕ್ಕೆ, ಐವತ್ತು ದಾಟಿದ ಒಬ್ಬ ಧರ್ಮಪಂಡಿತ, ಕುರ್‌ಆನಿಗೆ ವ್ಯಾಖ್ಯಾನ ಬರೆದವರು, ತಮ್ಮ ಸಬರ್‌ನೊಳಗೆ ಅಹಂಕಾರವಿತ್ತು ಎಂದು ಕಾಗದದ ಮೇಲೆ ಒಪ್ಪಿಕೊಳ್ಳುತ್ತಾರೆ. ಆತ್ಮಾವಲೋಕನ ಎಂಬ ಪದವನ್ನು ನಾವು ಸಲೀಸಾಗಿ ಬಳಸುತ್ತೇವೆ. ಅದು ಎಷ್ಟು ಸುಡುತ್ತದೆ ಎಂಬುದು ಇಲ್ಲಿ ಗೊತ್ತಾಗುತ್ತದೆ.

ಇದೇ ಪತ್ರದಲ್ಲಿ ಇನ್ನೊಂದು ನೆನಪಿದೆ. 1916ರಲ್ಲಿ ಮೊದಲ ಸಲ ಬಂಧನವಾದಾಗ ಜುಲೇಖಾ ತಮ್ಮ ಕಳವಳವನ್ನು ತಡೆದುಕೊಳ್ಳಲಾರದೆ ಹೋದರು. ಅದಕ್ಕಾಗಿ ತಾವು ಬಹುಕಾಲ ಅವರ ಮೇಲೆ ಅಸಮಾಧಾನಗೊಂಡಿದ್ದೆ ಎಂದು ಆಜಾದರು ಹೇಳುತ್ತಾರೆ. ಆಮೇಲೆ ಆಕೆ ಬದಲಾದರು, ಎಲ್ಲ ಕಷ್ಟಗಳನ್ನೂ ಗಟ್ಟಿಯಾಗಿ ಎದುರಿಸಿದರು ಎಂದು ಮೆಚ್ಚುತ್ತಾರೆ. 1942ರ ಆಗಸ್ಟ್ 3ರಂದು ಮುಂಬಯಿಗೆ ಹೊರಟಾಗ ಎಂದಿನಂತೆ ಬಾಗಿಲ ತನಕ ಬಂದರು, ಖುದಾ ಹಾಫಿಜ್ ಎಂದರು, ಬೇರೇನೂ ಆಡಲಿಲ್ಲ. ಆದರೆ ಆ ದಿನ ಆಕೆಯ ಮುಖದಲ್ಲಿ ಅದುಮಿಟ್ಟ ಸಂಕಟವಿತ್ತು ಎಂದು ಅವರಿಗೆ ಆಮೇಲೆ ಹೊಳೆಯಿತು.

ವಿಮರ್ಶಕ ಇಲ್ಲಿ ಕೇಳಲೇಬೇಕಾದ ಪ್ರಶ್ನೆಯಿದೆ. ಗಂಡನ ಶಾಂತಿಗೆ ಬೆಲೆ ಕೊಟ್ಟವರು ಯಾರು? ಅತ್ತದ್ದಕ್ಕೆ ಗಂಡ ಮುನಿಸಿಕೊಂಡ ಮೇಲೆ ಅಳು ನುಂಗುವುದನ್ನು ಕಲಿತ ಹೆಂಗಸು ಇಪ್ಪತ್ತೈದು ವರ್ಷ ಬಾಗಿಲಲ್ಲಿ ನಿಂತು ವಿದಾಯ ಹೇಳಿದಳು. ಇಡೀ ಪುಸ್ತಕದಲ್ಲಿ ಆಕೆ ಬರುವುದೇ ಸಾವಿನ ನಂತರ. ಗುಬ್ಬಿಗಳಿಗೆ ಸಿಕ್ಕಷ್ಟು ಪುಟಗಳು ಆಕೆಗೆ ಸಿಕ್ಕಿಲ್ಲ. ಪುಸ್ತಕದ ಹೊರಗೆ ಆಕೆ ಬರಿಯ ಬಾಗಿಲ ಹೆಂಗಸಾಗಿರಲಿಲ್ಲ. 1922ರಲ್ಲಿ ಆಜಾದರಿಗೆ ಒಂದು ವರ್ಷದ ಶಿಕ್ಷೆಯಾದಾಗ, ಶಿಕ್ಷೆ ನಾವು ನಿರೀಕ್ಷಿಸಿದ್ದಕ್ಕಿಂತ ಕಡಿಮೆಯಾಯಿತು, ಬಂಗಾಳದ ಖಿಲಾಫತ್ ಸಮಿತಿಯಲ್ಲಿ ಅವರ ಕೆಲಸವನ್ನು ನಾನು ನೋಡಿಕೊಳ್ಳುತ್ತೇನೆ ಎಂದು ಗಾಂಧೀಜಿಗೆ ತಂತಿ ಕಳಿಸಿದವರು ಆಕೆ. ಆ ದನಿ ‘ಗುಬಾರೆ ಖಾತಿರ್’ನಲ್ಲಿ ಕೇಳಿಸುವುದಿಲ್ಲ. ಇದು ಪುಸ್ತಕದ ಕೊರತೆ. ಆಜಾದರ ಮೇಲಿನ ಗೌರವ ಈ ಕೊರತೆಯನ್ನು ಮುಚ್ಚಬಾರದು.

ಆದರೂ ಒಂದು ಮಾತು. 1916ರಲ್ಲಿ ಹೆಂಡತಿಯ ಕಳವಳವನ್ನು ದೌರ್ಬಲ್ಯವೆಂದು ಎಣಿಸಿದವರು, 1943ರಲ್ಲಿ ತಮ್ಮ ನಿಶ್ಚಲತೆಯನ್ನೇ ಅಹಂಕಾರವೆಂದು ಕಂಡುಕೊಂಡರು. ಎರಡನ್ನೂ ಒಂದೇ ಪತ್ರದಲ್ಲಿ ಬರೆದರು. ಅವುಗಳ ನಡುವಿನ ಸಂಬಂಧವನ್ನು ಅವರು ಬಿಡಿಸಿ ಹೇಳಿಲ್ಲ. ಓದುವವರಾದ ನಾವು ನೋಡಬಹುದು. ಜೈಲಿನ ಆವರಣದಲ್ಲಿ ಯಾರದೋ ಒಂದು ಹಳೆಯ ಗೋರಿಯಿತ್ತು. ಎಷ್ಟೋ ಸಲ ನೋಡಿದ್ದ ಆ ಗೋರಿ ಈಗ ಬೇರೆಯಾಗಿ ಕಂಡಿತು, ಅದರೊಡನೆ ಹೊಸ ನಂಟು ಬೆಳೆಯಿತು ಎಂದು ಬರೆಯುತ್ತಾರೆ. ಹೆಂಡತಿಯ ಗೋರಿಯ ಬಳಿ ನಿಲ್ಲಲಾಗದವನು ಗುರುತಿಲ್ಲದವರ ಗೋರಿಯ ಕಡೆ ನೋಡುತ್ತಾ ನಿಂತ. 1945ರಲ್ಲಿ ಬಿಡುಗಡೆಯಾಗಿ ಕಲ್ಕತ್ತೆಗೆ ಬಂದಾಗ ಹೌರಾ ನಿಲ್ದಾಣದ ತುಂಬ ಜನ, ಜಯಕಾರ. ಕಾರಿನ ತುಂಬ ಹಾರಗಳಿದ್ದವು. ಅದರಲ್ಲಿ ಒಂದನ್ನು ಜುಲೇಖಾರ ಗೋರಿಯ ಮೇಲಿಟ್ಟು ಫಾತಿಹಾ ಓದಿದರು.

*

ಈ ಮನುಷ್ಯನ ಆಧ್ಯಾತ್ಮ ಎಲ್ಲಿಂದ ಬಂತು? ಪೀರಿ ಮುರೀದಿಯ ಮನೆತನದಲ್ಲಿ ಹುಟ್ಟಿದರೂ ಆನುವಂಶಿಕವಾಗಿ ಬಂದ ನಂಬಿಕೆ ತಮಗೆ ಸಾಲಲಿಲ್ಲ, ಸಂಶಯದ ದಾರಿ ಸುತ್ತಿಕೊಂಡೇ ಮತ್ತೆ ನಂಬಿಕೆಗೆ ಬಂದೆ ಎಂದು ಈ ಪುಸ್ತಕದಲ್ಲೇ ಹೇಳುತ್ತಾರೆ. ಅಪ್ಪ ಅಜ್ಜಂದಿರಿಂದ ಬಂದ ಧರ್ಮ, ಹುಟ್ಟಿದ ನೆಲದ ರೂಢಿಯಿಂದ ಬಂದ ಧರ್ಮ, ಜನಗಣತಿಯ ಕಾಗದದಲ್ಲಿ ತುಂಬಿಸುವ ಧರ್ಮ, ವಿಧಿ ಆಚಾರಗಳ ಧರ್ಮ ಎಂದು ಒಂದೊಂದನ್ನೇ ಎಣಿಸಿ, ಇವೆಲ್ಲವನ್ನೂ ತೆಗೆದಿಟ್ಟ ಮೇಲೂ ಉಳಿಯುವ ಸತ್ಯವೊಂದಿದೆ ಎನ್ನುತ್ತಾರೆ. ಜನಗಣತಿಯ ಖಾನೆಗಾಗಿ ಬಡಿದಾಡುವ ನಮ್ಮ ಕಾಲಕ್ಕೂ ಈ ಎಣಿಕೆ ಬೇಕಾದದ್ದೇ.

‘ತರ್ಜುಮಾನುಲ್ ಕುರ್‌ಆನ್’ನಲ್ಲಿ ಸೂರಾ ಫಾತಿಹಾಕ್ಕೆ ಅವರು ಬರೆದ ದೀರ್ಘ ವ್ಯಾಖ್ಯಾನದ ಮೊದಲ ಕಂಬ ರುಬೂಬಿಯತ್. ರಬ್ ಎಂದರೆ ಬರಿಯ ಒಡೆಯನಲ್ಲ, ಪ್ರತಿ ಜೀವವನ್ನೂ ಅದರ ಅಗತ್ಯಕ್ಕೆ ತಕ್ಕಂತೆ ಹಂತಹಂತವಾಗಿ ಸಾಕುವವನು. ಅವನು ಒಂದು ಸಮುದಾಯದ ರಬ್ ಅಲ್ಲ, ಎಲ್ಲ ಲೋಕಗಳ ರಬ್. ಈ ವ್ಯಾಖ್ಯಾನ ಓದಿ ಗುಬ್ಬಿಗಳ ಪತ್ರಕ್ಕೆ ಮರಳಿದರೆ ಆ ಅಕ್ಕಿಕಾಳುಗಳ ಅರ್ಥ ಬದಲಾಗುತ್ತದೆ. ಆಜಾದರೇ ಹಾಗೆಂದು ಹೇಳಿಲ್ಲ, ಇದು ನನ್ನ ಊಹೆ. ಆದರೆ ಹೆದರಿದ ಹಕ್ಕಿಗೆ ಅದರ ವೇಗಕ್ಕೆ ತಕ್ಕಂತೆ ಕಾಳು ಸರಿಸಿದ ಕೈ, ರುಬೂಬಿಯತ್ತಿನ ಬಗ್ಗೆ ಬರೆದ ಕೈಯೇ ತಾನೆ?

ಅವರಿಗೆ ಸಂತೋಷವೂ ಒಂದು ನೈತಿಕ ಹೊಣೆ. ನಮ್ಮ ಮುಖದ ಗಂಟು ನಮ್ಮೊಬ್ಬರ ಸೊತ್ತಲ್ಲ, ಸುತ್ತಲಿನವರ ಮೇಲೂ ಅದರ ನೆರಳು ಬೀಳುತ್ತದೆ ಎಂಬುದು ಅವರ ವಾದ. ಧರ್ಮ, ತತ್ವಜ್ಞಾನ ಎಂದೊಡನೆ ಮುಖ ಊದಿಸಿಕೊಳ್ಳಬೇಕೆಂಬ ರೂಢಿಯನ್ನು ಅವರು ಗೇಲಿ ಮಾಡುತ್ತಾರೆ. ಈ ವಾದ ಚಂದವಾಗಿದೆ. ಆದರೆ ಏಪ್ರಿಲ್ ಪತ್ರ ಇದೇ ವಾದವನ್ನು ತಿದ್ದುತ್ತದೆ ಎಂದು ನಾನು ತಿಳಿಯುತ್ತೇನೆ. ಇತರರಿಗಾಗಿ ಮುಖ ಅರಳಿಸುವುದು ಒಂದು, ಇತರರು ಮೆಚ್ಚಲೆಂದು ದುಃಖ ಅಡಗಿಸುವುದು ಇನ್ನೊಂದು. ಎರಡೂ ಹೊರಗಿನಿಂದ ಒಂದೇ ತರ ಕಾಣುತ್ತವೆ. ವ್ಯತ್ಯಾಸ ಗೊತ್ತಾಗುವುದು ಒಳಗಿರುವವನಿಗೆ ಮಾತ್ರ.

*

ಪಲಾಯನದ ಪ್ರಶ್ನೆಗೆ ಈಗ ಬರಬಹುದು. ಕೋಟೆಯಲ್ಲಿ ಕಲಿತದ್ದು ಕೋಟೆಯ ಹೊರಗೆ ಕೆಲಸಕ್ಕೆ ಬಂತೇ?

1947ರ ಅಕ್ಟೋಬರಿನಲ್ಲಿ ದಿಲ್ಲಿಯ ಮುಸ್ಲಿಮರು ಗಂಟುಮೂಟೆ ಕಟ್ಟುತ್ತಿದ್ದಾಗ ಆಜಾದರು ಜಾಮಾ ಮಸೀದಿಯಲ್ಲಿ ನಿಂತು ಮಾತಾಡಿದರು. ಹೋಗಬೇಡಿ, ಇದು ನಿಮ್ಮದೇ ನೆಲ ಎಂಬುದು ಆ ಭಾಷಣದ ತಿರುಳು. ಹಿಂದೆ ತಮ್ಮ ಮಾತನ್ನು ಜನ ಧಿಕ್ಕರಿಸಿದ್ದನ್ನು ಅವರು ಅಲ್ಲಿ ಮುಚ್ಚಿಡಲಿಲ್ಲ. ಕಹಿ ನುಂಗಿ ನಗುಮುಖ ತೋರಿಸಲಿಲ್ಲ. ನೋವನ್ನು ಹೇಳಿಯೇ ಧೈರ್ಯ ಹೇಳಿದರು. ಆ ಭಾಷಣ ಇಂದಿಗೂ ಎದೆಗೆ ತಾಗುವುದಕ್ಕೆ ಕಾರಣ ಅದೇ ಇರಬೇಕು. ಸಮಾಧಾನದ ವೇಷ ಕಳಚಿಟ್ಟವನ ಮಾತು ಅದು.

1948ರ ಜನವರಿ 13ರಂದು ಗಾಂಧೀಜಿ ದಿಲ್ಲಿಯಲ್ಲಿ ಉಪವಾಸಕ್ಕೆ ಕೂತಾಗ, ಉಪವಾಸ ನಿಲ್ಲಿಸಲು ಏನೇನು ಆಗಬೇಕೆಂಬುದನ್ನು ಅವರಿಂದ ಕೇಳಿ ತಿಳಿದು ಜನರ ಮುಂದಿಟ್ಟವರು ಆಜಾದ್. ಆ ಷರತ್ತುಗಳನ್ನು ಇವತ್ತು ಓದಿದರೆ ಅವುಗಳ ಸರಳತೆಗೆ ಬೆರಗಾಗುತ್ತದೆ. ಮೆಹ್ರೋಲಿಯಲ್ಲಿ ಖ್ವಾಜಾ ಕುತ್ಬುದ್ದೀನ್ ಬಖ್ತಿಯಾರ್ ಕಾಕಿಯವರ ಉರುಸ್ ಭಯವಿಲ್ಲದೆ ನಡೆಯಬೇಕು, ಹಿಡಿದಿಟ್ಟ ಮಸೀದಿಗಳನ್ನು ಬಿಟ್ಟುಕೊಡಬೇಕು, ಮುಸ್ಲಿಮರು ಬೀದಿಯಲ್ಲೂ ರೈಲಿನಲ್ಲೂ ಅಂಜದೆ ಓಡಾಡುವಂತಿರಬೇಕು. ‘ಎಲ್ಲರೂ ಸೌಹಾರ್ದದಿಂದ ಬಾಳೋಣ’ ಎಂಬಂಥ ಮಾತು ಅಲ್ಲಿಲ್ಲ. ಯಾವ ಬೀದಿ, ಯಾವ ದರ್ಗಾ, ಯಾವ ರೈಲು ಎಂಬ ವಿವರ ಇದೆ. ಕಾಳು ಎಲ್ಲಿ ಹಾಕಬೇಕು, ಎಷ್ಟು ದೂರದಲ್ಲಿ ಹಾಕಬೇಕು ಎಂಬ ಲೆಕ್ಕದ ಹಾಗೆಯೇ. ನಗರದ ಎಲ್ಲ ಪಂಗಡದ ಮುಖಂಡರು ಮಾತು ಕೊಟ್ಟ ಮೇಲೆ, ಜನವರಿ 18ರಂದು ಗಾಂಧೀಜಿಯ ಕೈಗೆ ಹಣ್ಣಿನ ರಸದ ಲೋಟ ಕೊಟ್ಟದ್ದು ಆಜಾದರು. 27ರಂದು ಗಾಂಧೀಜಿ ಮೆಹ್ರೋಲಿಯ ಉರುಸಿಗೆ ಹೋದರು. ಮೂರು ದಿನಗಳಲ್ಲಿ ಅವರನ್ನು ಕೊಂದರು.

ಶಾಂತಿಯ ಕೆಲಸಕ್ಕೆ ಫಲ ಸಿಕ್ಕೇ ಸಿಗುತ್ತದೆ ಎಂದು ಈ ಚರಿತ್ರೆ ಹೇಳುವುದಿಲ್ಲ. ಆದರೆ ಅಂದು ಮೆಹ್ರೋಲಿಯಲ್ಲಿ ಉರುಸ್ ನಡೆಯಿತು ಎಂಬುದು ನಿಜ.

*

ನಮ್ಮ ಊರುಗಳಲ್ಲಿ ಹಬ್ಬ ಬಂತೆಂದರೆ ಠಾಣೆಯಲ್ಲಿ ‘ಶಾಂತಿ ಸಭೆ’ ಸೇರುತ್ತದೆ. ಅಂಥ ಎರಡು ಮೂರು ಸಭೆಗಳಲ್ಲಿ ನಾನೂ ಹಿಂದಿನ ಸಾಲಿನಲ್ಲಿ ಕೂತಿದ್ದೇನೆ. ಎರಡೂ ಕಡೆಯ ಮುಖಂಡರು ಎದ್ದು ನಿಂತು, ನಮ್ಮೂರಲ್ಲಿ ಯಾವ ಸಮಸ್ಯೆಯೂ ಇಲ್ಲ, ನಾವೆಲ್ಲ ಅಣ್ಣತಮ್ಮಂದಿರ ಹಾಗೆ ಇದ್ದೇವೆ ಎನ್ನುತ್ತಾರೆ. ಚಹಾ, ಬಿಸ್ಕೆಟ್ ಆಗುತ್ತದೆ. ಸಭೆ ಮುಗಿದ ಮೇಲೆ ಎಲ್ಲರೂ ತಂತಮ್ಮ ಮೊಹಲ್ಲಾ, ಕೇರಿಗೆ ಹೋಗಿ ನಿಜವಾದ ಮಾತು ಆಡುತ್ತಾರೆ. ಅಲ್ಲಿ ಸುಳ್ಳು ಹೇಳಿದವರೆಲ್ಲ ಕೆಟ್ಟವರಲ್ಲ. ಏಪ್ರಿಲ್ 9ರ ನಂತರ ಎಂದಿನಂತೆ ಊಟಕ್ಕೆ ಕೂತ ಆಜಾದರ ಹಾಗೆ ಅವರೂ ತಮ್ಮ ಗಾಂಭೀರ್ಯ ಕಾಪಾಡಿಕೊಳ್ಳುತ್ತಿದ್ದಾರೆ. ಹನ್ನೊಂದರ ಪತ್ರವನ್ನು ಬರೆಯುವವರು ಮಾತ್ರ ಅಲ್ಲಿ ಯಾರೂ ಇಲ್ಲ. ನನಗೆ ಭಯವಾಗುತ್ತದೆ, ನನಗೆ ಸಿಟ್ಟಿದೆ, ನನ್ನ ಶಾಂತಿ ಸ್ವಲ್ಪ ತೋರಿಕೆಯದು ಎಂದು ಒಬ್ಬರಾದರೂ ಹೇಳಿದ ದಿನ ಆ ಸಭೆ ಶುರುವಾದೀತು. ಹಿಂದಿನ ಸಾಲಿನಲ್ಲಿ ಸುಮ್ಮನೆ ಕೂತು ಬಂದವನು ನಾನೂ ಆದ್ದರಿಂದ ಇದನ್ನು ಬೇರೆಯವರ ಮೇಲಿನ ದೂರಾಗಿ ಹೇಳುತ್ತಿಲ್ಲ.

‘ಗುಬಾರೆ ಖಾತಿರ್’ ಸುಲಭದ ಪುಸ್ತಕವಲ್ಲ. ಅದರ ಉರ್ದು, ಉರ್ದು ಬಲ್ಲವರಿಗೂ ಭಾರ. ಅದರ ಲೋಕ ಗಂಡಸರ ಲೋಕ, ಓದಿಕೊಂಡ ಶರೀಫರ ಲೋಕ. ಇಷ್ಟನ್ನೂ ಹೇಳಿ, ಓದಿ ಎಂದೇ ಹೇಳುತ್ತೇನೆ. ಗುಬ್ಬಿಗಳ ಪಾಠ ಮಾಡುವ ಉಸ್ತಾದರಲ್ಲಿ ನನ್ನದೊಂದು ಕೋರಿಕೆಯಿದೆ. ಮಕ್ಕಳು ನಕ್ಕು ಮುಗಿಸಿದ ಮೇಲೆ, ಪರೀಕ್ಷೆಯಲ್ಲಿ ಬಾರದಿದ್ದರೂ ಚಿಂತೆಯಿಲ್ಲ, ಮೂರು ವಾರದ ನಂತರದ ಆ ಪತ್ರವನ್ನೂ ಒಂದು ಸಲ ಓದಿ ಹೇಳಿ. ಜುಲೇಖಾ ಬೇಗಂ ಎಂಬ ಹೆಸರನ್ನು ಬೋರ್ಡಿನ ಮೇಲೆ ಬರೆಯಿರಿ.